ಕೀ ತೆಗೆದ ಮೇಲೂ ಉರಿಯುವ ದೀಪ

ನನ್ನ ಮಿಲಿಟರಿ ಜೀಪಿನಲ್ಲಿ ದೆವ್ವ ಇದೆ ಎಂದು ದಿಬ್ಬೂರಹಳ್ಳಿಯಿಂದ ಚಿಂತಾಮಣಿಯವರೆಗೆ ಯಾರು ಹೇಳಿದರೂ ನಂಬಬೇಡಿ. ಅದಕ್ಕಿದ್ದದ್ದು ಚಾರ್ಜಿಂಗ್ ತೊಂದರೆ. ಹಾಗೆಂದು ಹೇಳಲು ಬಾಯಿ ತೆರೆದಾಗಲೆಲ್ಲ ಊರವರು ನನ್ನನ್ನು ಕೂರಿಸಿ, ಕುಡಿಯಲು ನೀರು ಕೊಟ್ಟು, ‘ಆಗ್ಲಿ ಬಿಡಣ್ಣ’ ಎನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಬರೆಯುವವನ ಮಾತಿನ ನಡುವೆ ಯಾರೂ ಚೊಂಬು ತರುವುದಿಲ್ಲ.

ಜೀಪು ಕೊಂಡದ್ದು ಹಿಪ್ಪುನೇರಳೆ ಸೊಪ್ಪು ಹೊರಲು, ರೇಷ್ಮೆ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಸಾಗಿಸಲು ಎಂದು ಹೆಂಡತಿ ವರಲಕ್ಷ್ಮಿಗೆ ಹೇಳಿದ್ದೆ. ನಿಜವಾದ ಕಾರಣ ಬೇರೆ. ಎದುರು ಮನೆಯ ರವಿಚಂದ್ರ ಬಿಳಿ ಕಾರು ತಂದಿದ್ದ. ಸೈನ್ಯದ ಹರಾಜಿನಲ್ಲಿ ಬಿಡಿಸಿಕೊಂಡ ಹಳೆಯ ಗಾಡಿಗಳನ್ನು ಮಾರುವವನೊಬ್ಬ ಚಿಕ್ಕಬಳ್ಳಾಪುರದ ಹೊರವಲಯದಲ್ಲಿದ್ದ. ಅವನ ಬಯಲಿನಲ್ಲಿ ಇದು ಮುಳ್ಳುಗಿಡಗಳ ನಡುವೆ ನಿಂತಿತ್ತು. ಹಸಿರು ಬಣ್ಣ, ಬಾಗಿಲಿಲ್ಲ, ಬಾನೆಟ್ಟಿನ ಮೇಲೆ ಅರ್ಧ ಅಳಿಸಿದ ಬಿಳಿ ಅಂಕಿಗಳು. ಇದರ ಪಕ್ಕದಲ್ಲಿ ಬಿಳಿ ಕಾರು ಸೋಪಿನ ಡಬ್ಬದ ಹಾಗೆ ಕಾಣುತ್ತದೆ ಎಂದು ನೋಡಿದ ತಕ್ಷಣ ಅನ್ನಿಸಿತು.

ಊರಿಗೆ ತಂದು ಟೀ ಅಂಗಡಿ ಮುಂದೆ ನಿಲ್ಲಿಸಿದೆ. ರವಿಚಂದ್ರ ಲೋಟ ಹಿಡಿದುಕೊಂಡೇ ಒಂದು ಸುತ್ತು ಬಂದು ಚಕ್ರಕ್ಕೆ ಕಾಲಿನಿಂದ ತಟ್ಟಿದ.

“ಏನಣ್ಣ ಚೆನ್ನರಾಯಪ್ಪಣ್ಣ, ಗುಜರಿಗೆ ಹೋಗ್ತಿದ್ದ ಗಾಡೀನ ಅಡ್ಡ ಹಾಕ್ಕೊಂಡು ಬಂದ್ಯಾ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನನಗೆ ಸಿಟ್ಟು ಬಂದರೆ ಮೊದಲು ಕಿವಿ ಬಿಸಿಯಾಗುತ್ತದೆ, ಆಮೇಲೆ ನಾಲಿಗೆ ತಾನಾಗಿ ಓಡುತ್ತದೆ.

“ಬಾಯಿ ಮುಚ್ಕೊಂಡು ಟೀ ಕುಡಿಯೋ,” ಎಂದೆ. “ನಮ್ಮ ಬಾವ ಸೈನ್ಯದಲ್ಲಿ ಓಡಿಸ್ತಿದ್ದ ಜೀಪು ಕಣೋ ಇದು. ಹುಡುಕಿ ಹುಡುಕಿ ತಂದಿದೀನಿ.”

ನಗು ನಿಂತಿತು. ರವಿಚಂದ್ರ ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ಬಾನೆಟ್ಟನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ನನಗೆ ಬಹಳ ಸಂತೋಷವಾಯಿತು. ಆದರೆ ನಾನು ಮನೆ ಸೇರುವ ಮೊದಲೇ ಆ ಮಾತು ಮನೆ ಸೇರಿತ್ತು. ಅಕ್ಕ ಆದಿಲಕ್ಷ್ಮಮ್ಮ ಬಾಗಿಲಲ್ಲಿ ನಿಂತಿದ್ದಳು. ಜೀಪನ್ನು ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು.

ಬಾವ ಚಿಕ್ಕವೆಂಕಟಪ್ಪನವರು ತೀರಿಕೊಂಡದ್ದು ಮಗಳು ತನುಜ ಇನ್ನೂ ತೊಟ್ಟಿಲಲ್ಲಿದ್ದಾಗ. ಎಲ್ಲೋ ಉತ್ತರದ ಗುಡ್ಡದ ದಾರಿಯಲ್ಲಿ ಗಾಡಿ ಉರುಳಿತು. ಪೆಟ್ಟಿಗೆ ಬಂತು. ತೆಗೆಯಬೇಡಿ ಎಂದರು, ತೆಗೆಯಲಿಲ್ಲ. ತೆಗೆಯದ ಪೆಟ್ಟಿಗೆಯನ್ನು ಮಣ್ಣಿಗಿಟ್ಟು ಅಕ್ಕ ನಮ್ಮ ಮನೆಗೆ ಬಂದಳು. ಒಳಗಿದ್ದದ್ದು ಅವರೇ ಹೌದೋ ಅಲ್ಲವೋ ಎಂದು ಅವಳು ಒಂದು ದಿನವೂ ಬಾಯಿ ಬಿಟ್ಟು ಕೇಳಿದವಳಲ್ಲ. ಆದರೆ ಮುಸ್ಸಂಜೆ ಬೀದಿಯಲ್ಲಿ ಬೂಟಿನ ಸದ್ದಾದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದಳು.

ಜೀಪು ಬಂದ ಹೊತ್ತಿಗೆ ತನುಜ ನರ್ಸಿಂಗ್ ಓದಿ ಮುಗಿಸಿದ್ದಳು. ಉತ್ತರದ ಕಡೆ ಸೈನ್ಯದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತ್ತು. ಸಂಕ್ರಾಂತಿ ಕಳೆಯುತ್ತಲೇ ಹೋಗಿ ಸೇರಬೇಕಿತ್ತು, ಸೇರದಿದ್ದರೆ ಕೆಲಸ ಇನ್ನೊಬ್ಬಳ ಪಾಲು. ಅಕ್ಕನದು ಒಂದೇ ಮಾತು: “ಅಪ್ಪನ್ನ ತಗೊಂಡಿದ್ದು ಸಾಲ್ದಾ ಅವರಿಗೆ?” ಮನೆಯಲ್ಲಿ ಈ ಹಗ್ಗ ಜಗ್ಗಾಟ ನಡೆಯುತ್ತಿರುವಾಗಲೇ ನಾನು ಜೀಪು ತಂದದ್ದು.

ಜೀಪನ್ನು ಹೊರಗೆ ನಿಲ್ಲಿಸಿದರೆ ರವಿಚಂದ್ರನ ಕೋಳಿಗಳು ಸೀಟಿನ ಮೇಲೆ ಕೂರುತ್ತಿದ್ದವು. ಬೇಕೆಂದೇ ಕಳಿಸುತ್ತಾನೆ ಎಂದು ನನ್ನ ಅಭಿಪ್ರಾಯ. ಅದಕ್ಕೆ ಗಾಡಿಯನ್ನು ರೇಷ್ಮೆ ಹುಳು ಸಾಕುವ ಹುಳುಮನೆಯೊಳಗೆ ಹೊಡೆದೆ. ಬೆಳೆ ಆಗಷ್ಟೇ ಮುಗಿದು ಹುಳುಮನೆ ಖಾಲಿ ಇತ್ತು. ಮುಂದಿನ ಹುಳು ತರುವ ಮೊದಲು ರೋಗ ತಗುಲದ ಹಾಗೆ ಗೋಡೆ, ತಟ್ಟೆ, ಹುಳು ಗೂಡು ಕಟ್ಟುವ ಚಂದ್ರಿಕೆಗಳಿಗೆಲ್ಲ ಬ್ಲೀಚಿಂಗ್ ಪುಡಿಯ ನೀರು ಸಿಂಪಡಿಸಿ ಬಾಗಿಲು ಮುಚ್ಚುವುದು ನಮ್ಮ ಕಡೆಯ ಪದ್ಧತಿ. ಸಿಂಪಡಿಸುವಾಗ ಜೀಪನ್ನು ಹೊರಗೆ ತೆಗೆಯಬೇಕಿತ್ತು. ಕೋಳಿಗಳು ಕಾದು ನಿಂತಿದ್ದವು, ತೆಗೆಯಲಿಲ್ಲ. ಜೀಪಿನ ಸುತ್ತಲೂ, ಕೆಳಗೂ, ಬಾನೆಟ್ ಎತ್ತಿ ಒಳಗೂ ಚೆನ್ನಾಗಿ ಹೊಡೆದೆ. ರೋಗ ಎಲ್ಲಿ ಅಡಗಿರುತ್ತದೆ ಎಂದು ಯಾರಿಗೆ ಗೊತ್ತು.

ಪುಷ್ಯ ಮಾಸದ ಮುಸ್ಸಂಜೆ. ಹುಳುಮನೆಯ ನೆಲಕ್ಕೆ ಸುಣ್ಣ ಉದುರಿಸಲು ಹೋದ ಅಕ್ಕ ಬರಿಗೈಯಲ್ಲಿ ಅಡಿಗೆಮನೆಗೆ ಬಂದಳು. ಮುಖದಲ್ಲಿ ಗಾಬರಿ ಇರಲಿಲ್ಲ. ನೆಂಟರು ಬಂದಾಗ ಇನ್ನೊಂದು ಲೋಟ ತೆಗೆಯುವವಳ ಹಾಗೆ ಇದ್ದಳು.

“ಬಂದಿದಾರೆ,” ಎಂದಳು.

“ಯಾರು ಅತ್ತಿಗೆ?” ಎಂದಳು ವರಲಕ್ಷ್ಮಿ.

“ಅವರು.”

ವರಲಕ್ಷ್ಮಿ ಹಿಟ್ಟಿನ ಕೋಲನ್ನು ಕೈಬಿಟ್ಟಳು. ನಾನು ಬಯ್ದುಕೊಂಡೇ ಹುಳುಮನೆಗೆ ಹೋದೆ. ಬಲೆ ಹೊಡೆದ ಕಿಟಕಿಗಳಿಂದ ಮಂಜು ಒಳಗೆ ಇಳಿಯುತ್ತಿತ್ತು. ಬಿದಿರಿನ ಚಂದ್ರಿಕೆಗಳು ಆಳೆತ್ತರಕ್ಕೆ ಗೋಡೆಗೊರಗಿ ನಿಂತಿದ್ದವು. ಹುಳು ಪೊರೆ ಬಿಡಲು ಜ್ವರಕ್ಕೆ ಕೂತು ಮೇವು ಬಿಟ್ಟಾಗ ಹುಳುಮನೆಯಲ್ಲಿ ಒಂದು ಮೌನ ಹುಟ್ಟುತ್ತದಲ್ಲ, ಸಾವಿರಾರು ಜೀವ ಉಸಿರು ಹಿಡಿದ ಹಾಗೆ, ಅಂಥ ಮೌನ. ಹುಳುವೇ ಇಲ್ಲದ ಮನೆಯಲ್ಲಿ.

ನಾನು ಡ್ರೈವರ್ ಸೀಟಿನಲ್ಲಿ ಕೂತೆ. ಏನೂ ಆಗಲಿಲ್ಲ.

“ನೋಡಿದ್ಯಾ? ಕೀ ನನ್ನ ಜೇಬಲ್ಲಿದೆ. ಯಾರೂ ಇಲ್ಲ, ಏನೂ ಇಲ್ಲ,” ಎಂದೆ.

ಅಕ್ಕ ಪಕ್ಕದ ಸೀಟಿಗೆ ಹತ್ತಿ ಕೂತು, ಸೆರಗು ಸರಿ ಮಾಡಿಕೊಂಡಳು. ಎಲ್ಲೋ ನೆಲದಡಿಯಿಂದ ಎದ್ದ ಹಾಗೆ ಗುಂಯ್ ಎಂಬ ಸದ್ದು ಶುರುವಾಯಿತು. ಗಂಡಸು ಬಾಯಿ ಮುಚ್ಚಿಕೊಂಡು ಹಾಡಿಕೊಳ್ಳುವ ಸದ್ದು. ನನ್ನ ಮೊಣಕಾಲಿನ ಮುಂದೆ, ಕೀ ಇಲ್ಲದ ಗಾಡಿಯಲ್ಲಿ, ಚಾರ್ಜಿಂಗಿನ ಕೆಂಪು ದೀಪ ನಿಧಾನವಾಗಿ ಕಣ್ಣು ತೆರೆಯಿತು. ಅಕ್ಕನ ಗಲ್ಲದ ಮೇಲೆ ಆ ಕೆಂಪು ಬಿತ್ತು.

“ಊಟಕ್ಕೆ ಏನ್ ಮಾಡ್ಲಿ?” ಎಂದು ಅಕ್ಕ ದೀಪವನ್ನು ಕೇಳಿದಳು.

ನನ್ನ ಮೈಮೇಲಿನ ಕೂದಲೆಲ್ಲ ನಿಂತವು. ಅದು ಚಳಿಗೆ.

ಹುಳುಮನೆ ಅಲ್ಲದೆ ಬೇರೆ ಎಲ್ಲೇ ನಡೆದಿದ್ದರೂ ಈ ವಿಷಯ ವಾರದಲ್ಲಿ ಹಳಸುತ್ತಿತ್ತು. ನಮ್ಮ ಕಡೆ ಹುಳುಮನೆಗೆ ಯಾರೂ ನುಗ್ಗುವ ಹಾಗಿಲ್ಲ. ಚಪ್ಪಲಿ ಬಿಡಬೇಕು, ಬಾಗಿಲಲ್ಲಿಟ್ಟ ಔಷಧಿ ನೀರಿನ ತಟ್ಟೆಯಲ್ಲಿ ಕಾಲು ಅದ್ದಬೇಕು, ಬೀಡಿ ಹೊಗೆಸೊಪ್ಪು ಹೊರಗಿಡಬೇಕು, ಮೆತ್ತಗೆ ಮಾತಾಡಬೇಕು. ಹುಟ್ಟಿದಾಗಿನಿಂದ ಬಂದ ಅಭ್ಯಾಸ, ಹುಳು ಇಲ್ಲದಿದ್ದರೂ ಕಾಲು ತಾನಾಗಿ ತಟ್ಟೆಗೆ ಹೋಗುತ್ತದೆ. ಹೀಗೆ ಬರಿಗಾಲಿನಲ್ಲಿ, ಕಾಲು ತೊಳೆದು, ಪಿಸುಗುಟ್ಟಿಕೊಂಡು ಒಬ್ಬೊಬ್ಬರೇ ಅರೆಗತ್ತಲಿಗೆ ಬಂದು ಒಂದು ಹಸಿರು ಗಾಡಿಯ ಮುಂದೆ ನಿಂತರೆ, ನಿಂತವರು ಕೈಮುಗಿಯದೆ ಇನ್ನೇನು ಮಾಡುತ್ತಾರೆ?

ಮೊದಲು ಬಂದವಳು ಪಕ್ಕದ ಮನೆಯ ಮುದುಕಿ ಅಮ್ಮಾಜಮ್ಮ. ಕಾಲದ್ದಿದ ಬ್ಲೀಚಿಂಗ್ ನೀರನ್ನೇ ತಲೆಗೆ ಚಿಮುಕಿಸಿಕೊಂಡಳು.

“ಅದು ತೀರ್ಥ ಅಲ್ಲಮ್ಮ, ಹುಳುವಿನ ಔಷಧಿ,” ಎಂದೆ.

“ಸುಮ್ನಿರಪ್ಪ, ಮೂಗಿಗೆ ಹೊಡೀತೈತೆ, ಅಂದ್ರೆ ಶಕ್ತಿ ಐತೆ,” ಎಂದು, ಅಕ್ಕನ ಕಿವಿಯಲ್ಲಿ ಏನೋ ಹೇಳಿದಳು. ಅಕ್ಕ ಸೀಟಿಗೆ ಹತ್ತಿ ಗಂಡನನ್ನು ಕೇಳಿದಳು. ದೀಪ ಹೊತ್ತಿತು. ತವರಿನಲ್ಲಿರುವ ಸೊಸೆ ತಿರುಗಿ ಬರುತ್ತಾಳೆಂದು ಅರ್ಥವಂತೆ. ಸೊಸೆ ಬಂದಳು. ಅಮ್ಮಾಜಮ್ಮ ಜೀಪಿನ ಮುಂದೆ ಕಾಯಿ ಒಡೆದಳು. ಆ ಸೊಸೆ ಬಂದದ್ದು ಸಂಕ್ರಾಂತಿ ಹತ್ತಿರ ಬಂತೆಂದು, ಪ್ರತಿ ವರ್ಷವೂ ಬರುತ್ತಾಳೆ ಎಂದು ನಾನು ಹೇಳಿದ್ದಕ್ಕೆ, ಮನೆಯಲ್ಲಿ ಹಿರಿಯರು ಬಂದಿರುವಾಗ ಗಂಟಲು ಏರಿಸಬಾರದು ಎಂದು ಎಲ್ಲರೂ ನನಗೇ ಬುದ್ಧಿ ಹೇಳಿದರು.

ರವಿಚಂದ್ರ ಕಾರು ಕೊಳ್ಳುವ ಮೊದಲು ಕೇಳಬೇಕಾದದ್ದನ್ನು ಕೊಂಡ ಮೇಲೆ ಕೇಳಲು ಬಂದ. ದೀಪ ಹೊತ್ತಲಿಲ್ಲ. ಅವನು ಮಾರನೆಯ ದಿನದಿಂದ ಆ ಕಾರನ್ನು ಓಡಿಸಲಿಲ್ಲ. ಇದೊಂದು ವಿಷಯದಲ್ಲಿ ನನಗೆ ಬಾವನ ಮೇಲೆ ಗೌರವ ಹುಟ್ಟಿತು.

ಜನ ಸೇರುತ್ತಿದ್ದಾರೆ ಎಂದು ಠಾಣೆಯ ಪೇದೆಯೊಬ್ಬರು ವಿಚಾರಿಸಲು ಬಂದರು. ಲಾಠಿಯನ್ನು ಬಾಗಿಲಿಗೊರಗಿಸಿ, ಬೂಟು ಬಿಚ್ಚಿ, ಕಾಲು ಅದ್ದಿ ಒಳಗೆ ಹೋದರು.

“ಗಾಡಿ ಕಾಗದ ಎಲ್ಲ ಸರಿಯಿದೆಯೇನ್ರಿ?” ಎಂದು ಗಡುಸಾಗಿ ಶುರು ಮಾಡಿದರು. ಅಷ್ಟರಲ್ಲಿ ಅಕ್ಕ ಹತ್ತಿ ಕೂತಳು, ಗುಂಯ್ ಎಂದಿತು. ಪೇದೆ ತುಂಬ ಹೊತ್ತು ದೀಪವನ್ನೇ ನೋಡಿದರು. ಆಮೇಲೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಸಣ್ಣ ದನಿಯಲ್ಲಿ, “ಅಮ್ಮ, ನಮ್ಮದೊಂದು ವರ್ಗಾವಣೆ ವಿಷಯ ಇತ್ತು,” ಎಂದರು.

ಇಷ್ಟೆಲ್ಲ ಆಗುತ್ತಿರುವಾಗ ತನುಜ ಒಂದು ಸಂಜೆ ಅಕ್ಕನ ಮುಂದೆ ನಿಂತಳು. “ಊರಿನವರ ವಿಷಯ ಎಲ್ಲಾ ಅಪ್ಪನ್ನ ಕೇಳ್ತೀಯಲ್ಲಮ್ಮ, ನಂದೂ ಕೇಳು. ಅಪ್ಪ ಬೇಡ ಅಂದ್ರೆ ಹೋಗಲ್ಲ. ಹೋಗು ಅಂದ್ರೆ ನೀನು ಅಡ್ಡ ನಿಲ್ಲಬಾರದು.”

ಅಕ್ಕ ಸೆರಗು ಬಿಗಿದುಕೊಂಡಳು. ಜೀಪು ಹತ್ತಿದಳು. “ಕೇಳಿಸ್ತಾ? ಮಗಳು ಹೋಗ್ತೀನಿ ಅಂತಾಳೆ,” ಎಂದಳು.

ದೀಪ ಹೊತ್ತಲಿಲ್ಲ. ಸದ್ದಿಲ್ಲ. ಚಂದ್ರಿಕೆಗಳ ನೆರಳು ಅಲುಗಲಿಲ್ಲ. ಮಾರನೆಯ ಸಂಜೆಯೂ ಇಲ್ಲ, ಅದರ ಮಾರನೆಯ ಸಂಜೆಯೂ ಇಲ್ಲ.

“ಮಗಳ ಮಾತು ಎತ್ತುತ್ಲೇ ಮಾತು ಬಿಟ್ರು,” ಎಂದಳು ಅಕ್ಕ. “ಬೇಡ ಅಂತ್ಲೇ ಅರ್ಥ. ಸಂಕ್ರಾಂತಿ ಸಂಜೆ ಕೊನೇ ಸಲ ಕೇಳ್ತೀನಿ. ಆಮೇಲೆ ಈ ಮಾತು ಈ ಮನೇಲಿ ಎತ್ತಕೂಡದು.”

ತನುಜ ನನ್ನನ್ನು ದನದ ಕೊಟ್ಟಿಗೆಯ ಹಿಂದಕ್ಕೆ ಎಳೆದುಕೊಂಡು ಹೋದಳು. “ಮಾವ, ಅಪ್ಪ ಮಾತು ಬಿಟ್ಟಿಲ್ಲ, ಬ್ಯಾಟರಿ ಖಾಲಿಯಾಗಿದೆ. ಊರೆಲ್ಲ ಸೇರಿ ಖಾಲಿ ಮಾಡಿದಾರೆ. ಅದನ್ನ ಸರಿ ಮಾಡ್ಸು. ನನ್ನ ಕೆಲಸ ಈಗ ನಿನ್ನ ಜೀಪಿನ ಮೇಲೆ ನಿಂತಿದೆ.”

ಆಗ ನನಗೆ ನನ್ನ ಸ್ಥಿತಿ ಅರ್ಥವಾಯಿತು. ದೆವ್ವ ಇಲ್ಲ ಎಂದು ಊರೆಲ್ಲ ಜಗಳ ಆಡುತ್ತಿದ್ದವನು ಈಗ ಕೈಯಾರೆ ದೆವ್ವವನ್ನು ರಿಪೇರಿ ಮಾಡಿಸಬೇಕಿತ್ತು.

ಬ್ಯಾಟರಿ ಹೊತ್ತುಕೊಂಡು ಶಿಡ್ಲಘಟ್ಟಕ್ಕೆ ಹೋದೆ. ಅಂಗಡಿಯವನು ಚಾರ್ಜು ಮಾಡಿ, “ಬ್ಯಾಟರಿ ಗಟ್ಟಿಯಾಗಿದೆ, ಡೈನಮೋ ತೋರಿಸಿ,” ಎಂದ. ಡೈನಮೋ ಬಿಚ್ಚಿಕೊಂಡು ಚಿಂತಾಮಣಿಗೆ ಹೋದೆ. ಅಲ್ಲಿ ಮೋಟರುಗಳಿಗೆ ತಂತಿ ಸುರುಳಿ ಸುತ್ತುವವನು ಅದನ್ನು ಕಿವಿಯ ಹತ್ತಿರ ಹಿಡಿದು ತಿರುಗಿಸಿ, “ಡೈನಮೋ ಬಾಗುಂದಣ್ಣಾ, ಬಂಗಾರ ಇದು. ವೈರಿಂಗು ನೋಡ್ಸು. ಶಿಡ್ಲಘಟ್ಟದೋರಿಗೆ ಏನ್ ತಿಳಿಯುತ್ತೆ,” ಎಂದ. ಶಿಡ್ಲಘಟ್ಟದವನಿಗೆ ಇದನ್ನು ಹೇಳಿದಾಗ ಅವನು ಚಿಂತಾಮಣಿಯ ಬಗ್ಗೆ ಹೇಳಿದ್ದನ್ನು ಇಲ್ಲಿ ಬರೆಯುವ ಹಾಗಿಲ್ಲ. ಇಬ್ಬರೂ ಕೊನೆಗೆ ಒಂದು ಮಾತಿನಲ್ಲಿ ಒಂದಾದರು. ಗೌರಿಬಿದನೂರಿನಲ್ಲಿ ವೆಂಕಟರಾಮಪ್ಪ ಎಂಬ ನಿವೃತ್ತ ಹವಾಲ್ದಾರರಿದ್ದಾರೆ, ಸೈನ್ಯದ ವರ್ಕ್‌ಶಾಪಿನಲ್ಲಿ ಇಂಥ ಜೀಪುಗಳನ್ನೇ ಬಿಚ್ಚಿ ಜೋಡಿಸಿದವರು, ಅವರನ್ನು ಹಿಡಿ ಎಂದರು.

ಹವಾಲ್ದಾರರು ಮೀಸೆ ತಿರುವಿಕೊಂಡು ಕಥೆ ಕೇಳಿದರು. ದೆವ್ವ ಎನ್ನುವ ಮಾತು ಬಂದಾಗ ಅವರು ನಕ್ಕ ನಗುವಿಗೆ ಜಗಲಿಯ ಮೇಲಿದ್ದ ಬೆಕ್ಕು ಎದ್ದು ಹೋಯಿತು.

“ಕೇಳಿ ಚೆನ್ನರಾಯಪ್ಪನವರೆ. ಇಂಜಿನ್ನು ಡೈನಮೋ ತಿರುಗಿಸುತ್ತೆ, ಡೈನಮೋ ಬ್ಯಾಟರಿಗೆ ಕರೆಂಟು ಕೊಡುತ್ತೆ. ಇವೆರಡರ ನಡುವೆ ಒಂದು ಗೇಟಿದೆ. ಕಟ್‌ಔಟ್ ಅಂತೀವಿ. ಕಪ್ಪು ಡಬ್ಬ. ಇಂಜಿನ್ನು ನಿಂತ ತಕ್ಷಣ ಗೇಟು ಮುಚ್ಕೋಬೇಕು. ಮುಚ್ಚದೆ ಅಂಟ್ಕೊಂಡ್ರೆ ಬ್ಯಾಟರಿ ಕರೆಂಟು ವಾಪಸ್ ಹರಿದು ಡೈನಮೋ ಮೋಟರಿನ ಥರ ಗುಂಯ್ ಅನ್ನುತ್ತೆ, ಕೀ ಇಲ್ದೇನೂ ದೀಪ ಉರಿಯುತ್ತೆ. ಅಷ್ಟೇ. ನಾನೇ ಬರ್ತೀನಿ ನಡೀರಿ.”

ಅವರನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. ದೇಶದಲ್ಲಿ ನಾನಲ್ಲದೆ ಇನ್ನೊಬ್ಬ ಬುದ್ಧಿವಂತ ಇದ್ದ.

ಮೋಡ ಮುಚ್ಚಿದ ಮಧ್ಯಾಹ್ನ ಅವರು ಬಂದರು. ಅರ್ಧ ಊರು ಕಾಲು ಅದ್ದಿ ಒಳಗೆ ನಿಂತಿತ್ತು. ಹವಾಲ್ದಾರರು ಡೈನಮೋವನ್ನು ಜಾಗಕ್ಕೆ ಕೂರಿಸಿ, ಬ್ಯಾಟರಿ ಜೋಡಿಸಿ, ಇಂಜಿನ್ನಿಗೂ ಡೈನಮೋಗೂ ನಡುವಿನ ಬೆಲ್ಟನ್ನು ಹೊರಗೆ ತೆಗೆದರು.

“ಈಗ ಡೈನಮೋಗೂ ಇಂಜಿನ್ನಿಗೂ ಸಂಬಂಧ ಇಲ್ಲ. ಈಗ್ಲೂ ತಾನಾಗಿ ತಿರುಗಿದ್ರೆ ಗೇಟು ಅಂಟಿದೆ ಅಂತ ಲೆಕ್ಕ,” ಎಂದು ಜನರಿಗೆ ಪಾಠ ಮಾಡಿದರು.

ಅಕ್ಕ ಮುಂದೆ ಬಂದಳು. “ಇವರು ನಿಮ್ಮ ಸೈನ್ಯದೋರಂತೆ. ಮಾತಾಡ್ಸ್ರಿ,” ಎಂದು ಜೀಪಿಗೆ ಹೇಳಿ ಪಕ್ಕದ ಸೀಟಿಗೆ ಹತ್ತಿದಳು.

ಡೈನಮೋದ ಗಾಲಿ ಒಮ್ಮೆ ನಡುಗಿತು. ಆಮೇಲೆ, ಯಾರೂ ಮುಟ್ಟದೆ, ಬೆಲ್ಟಿಲ್ಲದೆ, ಕೀ ಇಲ್ಲದೆ, ನಿದ್ದೆಯಿಂದ ಎದ್ದವರು ಮಗ್ಗುಲು ತಿರುಗುವ ಹಾಗೆ ಒಂದು ಸುತ್ತು ತಿರುಗಿತು. ಇನ್ನೊಂದು ಸುತ್ತು. ಆಮೇಲೆ ಗಾಲಿಯೇ ಕಾಣದಷ್ಟು ಜೋರಾಗಿ. ಗುಂಯ್ ಎನ್ನುವ ಸದ್ದು ಹೆಂಚಿನವರೆಗೆ ಏರಿತು. ಕೆಂಪು ದೀಪ ಹವಾಲ್ದಾರರ ಮುಖಕ್ಕೆ ನೇರವಾಗಿ ಬಿತ್ತು.

ಹವಾಲ್ದಾರ್ ವೆಂಕಟರಾಮಪ್ಪನವರ ಹಿಮ್ಮಡಿಗಳು ಕೂಡಿಕೊಂಡವು. ಎದೆ ಮುಂದೆ ಬಂತು. ಬಲಗೈ ಹಣೆಗೆ ಹೋಯಿತು.

“ಜೈ ಹಿಂದ್, ಸಾಬ್,” ಎಂದರು.

ಸೇರಿದ್ದವರೆಲ್ಲ ಸೆಲ್ಯೂಟ್ ಹೊಡೆದರು. ಅಮ್ಮಾಜಮ್ಮ ಎಡಗೈಯಲ್ಲಿ ಹೊಡೆದಳು.

“ಗೇಟು ಅಂಟಿದೆ ಅಂತ ನೀವೇ ಅಂದ್ರಲ್ಲ, ಡಬ್ಬ ಬಿಚ್ರಿ,” ಎಂದು ನಾನು ಅವರ ತೋಳು ಹಿಡಿದು ಜಗ್ಗಿದೆ.

ಅವರು ಕೈ ಇಳಿಸದೆ, ತುಟಿ ಅಲುಗಿಸದೆ ಹೇಳಿದರು: “ಡ್ಯೂಟೀಲಿ ಇರೋರ ಡಬ್ಬಾನ ಮೇಲಿನೋರ ಪರ್ಮಿಷನ್ ಇಲ್ದೆ ಬಿಚ್ಚಂಗಿಲ್ಲ.”

ಬೆಲ್ಟನ್ನು ಹೇಗೋ ಸಡಿಲವಾಗಿ ಸಿಕ್ಕಿಸಿ, ಬ್ಯಾಟರಿಯ ತಂತಿಗಳನ್ನು ಅಲ್ಲಿ ಇಲ್ಲಿ ಎಳೆದು, ಟೀ ಸಹ ಕುಡಿಯದೆ ಅವರು ಬಸ್ಸು ಹತ್ತಿದರು. ಡಬ್ಬವನ್ನು ನಾನೇ ಬಿಚ್ಚಬಹುದಿತ್ತು. ಆದರೆ ಹವಾಲ್ದಾರರೇ ಮುಟ್ಟದ ಡಬ್ಬವನ್ನು ಮುಟ್ಟಿ ಏನಾದರೂ ಹೆಚ್ಚು ಕಡಿಮೆಯಾದರೆ ತನುಜಳ ಗತಿ ಏನು? ಬೇರೆಯವರು ಇದನ್ನು ಹೆದರಿಕೆ ಎನ್ನುತ್ತಾರೆ. ನಾನು ಜವಾಬ್ದಾರಿ ಎನ್ನುತ್ತೇನೆ.

ಅವರು ಏನು ಎಳೆದರೋ, ಸಂಕ್ರಾಂತಿಯ ಬೆಳಿಗ್ಗೆ ಅಕ್ಕ ಎಳ್ಳುಬೆಲ್ಲ ಹಿಡಿದು ಸೀಟಿನಲ್ಲಿ ಕೂತರೆ ದೀಪ ಮಿಸುಕಲಿಲ್ಲ. ಬ್ಯಾಟರಿ ತುಂಬಿತ್ತು, ಬಾವ ಇರಲಿಲ್ಲ. ತನುಜಳ ಮುಖ ಬಿಳಿಚಿತು.

ವರಲಕ್ಷ್ಮಿ ಹಬ್ಬದ ಪೊಂಗಲ್ ಬಡಿಸುತ್ತಾ, ಯಾರ ಮುಖವನ್ನೂ ನೋಡದೆ ಹೇಳಿದಳು: “ಬಾವ ಓಡಿಸಿದ ಜೀಪು ಅಂತ ಹೇಳೋಕೆ ಬಂತು. ಈಗ ಬಾವನ ಬದಲು ಹೌದು ಅನ್ನೋಕೆ ಬರಲ್ವಾ?”

ಅದಕ್ಕೇ ಆ ಸಂಜೆ ನಾನು ಜೀಪಿನ ಕೆಳಗೆ ಮಲಗಿದ್ದು. ಒಂದು ತಂತಿಯನ್ನು ದೀಪದ ಹಿಂಬದಿಗೆ ಕಟ್ಟಿ ಕೆಳಗೆ ಇಳಿಬಿಟ್ಟಿದ್ದೆ. ಇನ್ನೊಂದು ತಂತಿ ಬ್ಯಾಟರಿಯಿಂದ ಬಂದಿತ್ತು. ಎರಡರ ತುದಿ ಮುಟ್ಟಿಸಿದರೆ ದೀಪ ಹೊತ್ತಬೇಕು, ಬಿಟ್ಟರೆ ಆರಬೇಕು. ಅಕ್ಕ ಕೇಳುತ್ತಾಳೆ, ನಾನು ಮುಟ್ಟಿಸುತ್ತೇನೆ, ಹುಡುಗಿ ಹೋಗುತ್ತಾಳೆ. ನೆಲದ ಸುಣ್ಣ ಬೆನ್ನಿಗೆ ತಣ್ಣಗೆ ಹತ್ತಿತ್ತು. ಮುಖದ ಮೇಲೆ ಗ್ರೀಸಿನ ಹನಿ. ಹೊರಗೆ ಕಿಚ್ಚು ಹಾಯಿಸಿ ಬಂದ ಜನ ಒಬ್ಬೊಬ್ಬರೇ ಕಾಲು ಅದ್ದಿ ಒಳಗೆ ಬರುತ್ತಿದ್ದರು. ನನಗೆ ಕಂಡದ್ದು ಒದ್ದೆ ಪಾದಗಳು ಮಾತ್ರ. ಮುಖವಿಲ್ಲದ ಪಾದಗಳು ಸುತ್ತಲೂ ನಿಲ್ಲುತ್ತಾ ಹೋದವು.

ಅಕ್ಕ ಹತ್ತಿ ಕೂತಳು. ಜೀಪು ಒಂದು ಬೆರಳಷ್ಟು ಕುಸಿಯಿತು.

“ಕೇಳ್ರಿ,” ಎಂದಳು. “ಇದೇ ಕೊನೆ. ಇನ್ನು ಕೇಳಲ್ಲ. ದೀಪ ಹಚ್ಚಿ...”

ಹಚ್ಚಿ ಎಂದಳಲ್ಲ. ನಾನು ಮುಟ್ಟಿಸಿದೆ. ಮೇಲೆ ಕೆಂಪು ಹರಡಿತು. ಪಾದಗಳೆಲ್ಲ ಒಂದು ಹೆಜ್ಜೆ ಹಿಂದೆ ಸರಿದವು.

“...ನಾನು ಮಗಳನ್ನ ತಡೀಬೇಕು ಅನ್ನೋ ಹಾಗಿದ್ರೆ,” ಎಂದು ಅಕ್ಕ ಮಾತು ಮುಗಿಸಿದಳು.

ಅಮ್ಮಾಜಮ್ಮ ‘ಅಯ್ಯೋ ತಂದೆ’ ಎಂದದ್ದು ಕೇಳಿಸಿತು. ತನುಜಳ ಪಾದಗಳು ನನಗೆ ಗೊತ್ತು, ಬೆರಳಿಗೆ ಉಂಗುರ ಇಲ್ಲದವು. ಅವು ಬಾಗಿಲ ಕಡೆ ತಿರುಗಿದವು. ನಾನು ತಂತಿಗಳನ್ನು ಕಿತ್ತು ಎಸೆದೆ.

ದೀಪ ಆರಲಿಲ್ಲ.

ನನ್ನ ಎರಡು ಕೈಗಳೂ ಖಾಲಿ ಇದ್ದವು. ಕೆಂಪು ಹಾಗೇ ಇತ್ತು. ಮೇಲೆ ಗುಂಯ್ ಎಂಬ ಸದ್ದು ಎದ್ದಿತು, ಮೊದಲಿಗಿಂತ ಹತ್ತಿರದಿಂದ, ನನ್ನ ಹಣೆಗೆ ಒಂದು ಗೇಣು ಮೇಲಿನಿಂದ. ಡೈನಮೋದ ಗಾಲಿ ಸಡಿಲ ಬೆಲ್ಟಿನೊಳಗೆ ತಾನಾಗಿ ಸುತ್ತತೊಡಗಿತು. ಬಿಸಿ ಗಾಳಿ ಮುಖಕ್ಕೆ ಬಡಿಯಿತು, ಯಾರೋ ಬಗ್ಗಿ ಉಸಿರು ಬಿಟ್ಟ ಹಾಗೆ. ಆ ಉಸಿರು ನನ್ನನ್ನು ಗುರುತಿಸಿದೆ ಎಂದು ನನಗೆ ಅನ್ನಿಸಿತು. ಬಾವ ಓಡಿಸಿದ ಜೀಪು ಎಂದು ಹೇಳಿದವನು ಇವನೇ ಎಂದು.

ನಾನು ಹೆದರಿದರೆ ಬೇರೆಯವರ ಹಾಗೆ ಓಡುವುದಿಲ್ಲ. ನನಗೆ ಸಿಟ್ಟು ಬರುತ್ತದೆ. “ಹುಡುಗಿ ಬದುಕು ಹಾಳ್ ಮಾಡ್ತೀಯೇನೋ,” ಎಂದು ಕೂಗಿ, ಪಕ್ಕದಲ್ಲಿದ್ದ ದೊಡ್ಡ ಸ್ಪ್ಯಾನರನ್ನು ಎತ್ತಿ, ಇಂಜಿನ್ನಿನ ಬದಿಯ ಕಪ್ಪು ಡಬ್ಬಕ್ಕೆ ಕೆಳಗಿನಿಂದಲೇ ಬಲವಾಗಿ ಹೊಡೆದೆ. ನೀಲಿ ಕಿಡಿ ಹಾರಿತು. ಗಂಟೆ ಹೊಡೆದ ಹಾಗೆ ಇಡೀ ಜೀಪು ಮೊಳಗಿತು. ಸದ್ದು ನಿಂತಿತು. ದೀಪ ಆರಿತು.

ನೆಲದಡಿಯಿಂದ ಬಂದ ನನ್ನ ಕೂಗಿಗೆ ಊರು ಖಾಲಿಯಾಯಿತು. ಪೇದೆ ಬೂಟು ಬಿಟ್ಟು ಹೋದರು. ರವಿಚಂದ್ರ ಔಷಧಿ ತಟ್ಟೆಯ ಮೇಲೇ ಬಿದ್ದು ಎದ್ದು ಓಡಿದ. ನಾನು ತೆವಳಿ ಹೊರಗೆ ಬಂದಾಗ ಉಳಿದದ್ದು ಸೀಟಿನ ಮೇಲೆ ಅಕ್ಕ, ಬಾಗಿಲಲ್ಲಿ ತನುಜ. ಅಕ್ಕ ನನ್ನ ಕರಿ ಮುಖವನ್ನಾಗಲಿ ಸ್ಪ್ಯಾನರನ್ನಾಗಲಿ ನೋಡಲಿಲ್ಲ. ಆರಿದ ದೀಪವನ್ನೇ ನೋಡುತ್ತಿದ್ದಳು. ಅವಳ ಮುಖದಲ್ಲಿ ನಾನು ಎಷ್ಟೋ ವರ್ಷದಿಂದ ಕಾಣದ ಒಂದು ನಗು ಇತ್ತು.

“ಇದು ಅವರೇ,” ಎಂದಳು. “ಯಾವತ್ತೂ ಹಿಂಗೇ. ಏನ್ ಕೇಳಿದ್ರೂ ಮೊದ್ಲು ಬೇಡ, ಕೂಡದು. ಕಾಫಿ ಕುಡಿದು ಒಂದು ಘಳಿಗೆ ಕೂತ್ರೆ, ಆಯ್ತು ಹೋಗ್ಲಿ ಬಿಡೇ. ನಮ್ಮ ಮದುವೇಗೂ ಮೊದ್ಲು ಬೇಡ ಅಂದಿದ್ರಂತೆ.” ಇಳಿದು, ತನುಜಳ ಕೆನ್ನೆ ಮುಟ್ಟಿದಳು. “ತಡೀ ಅಂದ್ರು, ಆಮೇಲೆ ಬೇಡ ಅಂತ ಆರಿಸಿದ್ರು. ಬಟ್ಟೆ ಜೋಡಿಸ್ಕೋ. ಅಲ್ಲಿ ಚಳಿ ಜಾಸ್ತಿ.”

ತನುಜ ಅವಳನ್ನು ತಬ್ಬಿಕೊಂಡಳು. ನಾನೂ ಅಲ್ಲೇ ಇದ್ದೆ, ನನ್ನನ್ನು ಯಾರೂ ತಬ್ಬಿಕೊಳ್ಳಲಿಲ್ಲ. ಗ್ರೀಸಿತ್ತು.

ಮಾರನೆಯ ಹಗಲು ಬಿಸಿಲು ಬಂದ ಮೇಲೆ ಡಬ್ಬದ ಮುಚ್ಚಳ ತೆಗೆದೆ. ಒಳಗೆ ಗೇಟಿನ ಎರಡು ಸಣ್ಣ ತುಟಿಗಳು ಬಿಳಿ ಹಸಿರು ಕಿಲುಬು ಹಿಡಿದು ಕೂತಿದ್ದವು. ಮೂಗು ಹತ್ತಿರ ತಂದೆ. ಬ್ಲೀಚಿಂಗ್ ಪುಡಿ. ಪಕ್ಕದ ಸೀಟಿನ ಅಡಿಯಲ್ಲಿ ಬ್ಯಾಟರಿಯನ್ನು ಗಾಡಿಯ ಮೈಗೆ ಕೂಡಿಸುವ ಪಟ್ಟಿಯೂ ಹಾಗೇ ತಿಂದುಹೋಗಿ, ಅಲ್ಲಿ ಭಾರ ಬಿದ್ದರೆ ತಾಗುತ್ತಿತ್ತು, ಎದ್ದರೆ ಬಿಡುತ್ತಿತ್ತು. ಅದಕ್ಕೇ ಅಕ್ಕ ಕೂತರೆ ಗುಂಯ್, ನಾನು ಕೂತರೆ ಸುಮ್ಮನೆ. ಎಲ್ಲ ಉಜ್ಜಿ, ಪಟ್ಟಿ ಬದಲಿಸಿ, ಬೆಲ್ಟು ಬಿಗಿ ಮಾಡಿದೆ. ಇಂಜಿನ್ನು ಓಡಿದರೆ ದೀಪ ಆರಿತು, ಚಾರ್ಜಿನ ಮುಳ್ಳು ಮೇಲೆದ್ದಿತು. ಕೀ ತೆಗೆದರೆ ಗಾಡಿ ಗಾಡಿಯ ಹಾಗೆ ಸತ್ತು ನಿಂತಿತು. ಇದನ್ನು ಊರಿಗೆಲ್ಲ ಕರೆದು ತೋರಿಸಿದೆ. ‘ಆಗ್ಲಿ ಬಿಡಣ್ಣ’ ಎಂದು ನೀರು ಕೊಟ್ಟರು.

ತನುಜಳನ್ನು ಅದೇ ಜೀಪಿನಲ್ಲಿ ಚಿಕ್ಕಬಳ್ಳಾಪುರದ ಬಸ್ ನಿಲ್ದಾಣಕ್ಕೆ ಕರೆದುಕೊಂಡು ಹೋದೆವು. ಹೊರಡುವ ಮೊದಲು ಅವಳು ನನ್ನ ಕಿವಿಯಲ್ಲಿ, “ಮಾವ, ತಂತಿ ಕಿತ್ತ ಮೇಲೂ ಉರಿದಿದ್ದು ಗೇಟು ಅಂಟ್ಕೊಂಡಿದ್ದಕ್ಕೇ ತಾನೇ?” ಎಂದಳು. “ಮತ್ತಿನ್ನೇನು,” ಎಂದೆ. ಬಸ್ಸು ಹೋಯಿತು. ಅಕ್ಕ ಅಳಲಿಲ್ಲ. ನಂದಿ ಬೆಟ್ಟದ ಕಡೆಯಿಂದ ಇಳಿದ ಮಂಜು ನಮ್ಮ ಹಿಂದೆಯೇ ಊರಿನವರೆಗೆ ಬಂತು.

ಹುಳುಮನೆಯ ಮುಂದೆ ಗಾಡಿ ನಿಲ್ಲಿಸಿ ಇಂಜಿನ್ನು ಆರಿಸಿದೆ. ಅಕ್ಕ ಇಳಿಯಲಿಲ್ಲ. ಮಬ್ಬುಗತ್ತಲಲ್ಲಿ ದೀಪದ ಕಡೆ ನೋಡುತ್ತಾ ಮೆಲ್ಲಗೆ ಕೇಳಿದಳು:

“ಮಗು ಏನಾದ್ರೂ ತಿಂದಿರ್ತಾಳಾ?”

ದೀಪ ಸುಮ್ಮನಿತ್ತು. ನಾನೇ ಉಜ್ಜಿ ಸರಿಮಾಡಿದ ದೀಪ, ಹೇಗೆ ತಾನೇ ಹೊತ್ತೀತು? ಅಕ್ಕ ಕಾಯುತ್ತಿದ್ದಳು. ಆ ಮೌನವನ್ನು ನನಗೆ ತಡೆಯಲಾಗಲಿಲ್ಲ. ಕೈ ಕೆಳಗೆ ಬಿಟ್ಟು ಕೀಯನ್ನು ಒಂದು ಹಂತ ತಿರುಗಿಸಿದೆ. ಕೆಂಪು ದೀಪ ಹೊತ್ತಿತು.

ಅಕ್ಕ ದೀಪವನ್ನು ನೋಡಿದಳು. ಆಮೇಲೆ ನನ್ನ ಕೈಯನ್ನು ನೋಡಿದಳು.

“ಸುಳ್ಳು ಹೇಳೋಕೂ ನಿನಗೆ ನೆಟ್ಟಗೆ ಬರಲ್ಲ ಕಣೋ,” ಎಂದಳು. “ಬಾವ ಓಡಿಸಿದ ಜೀಪಂತೆ. ಅವರಿಗೆ ಗಾಡಿ ಓಡಿಸೋಕೇ ಬರ್ತಿರ್ಲಿಲ್ಲ. ಅವರು ಅಡುಗೆಯವರು. ಊರಲ್ಲಿ ಹೇಳ್ಬೇಡ ಅಂದಿದ್ರು, ಹೇಳಿಲ್ಲ.”

“ಮತ್ತೆ ಯಾಕಕ್ಕ ದಿನಾ ಬಂದು ಕೂರ್ತಿದ್ದೆ?”

“ನೀನು ಆ ಸೀಟಲ್ಲಿ ಕೂತ್ರೆ ಸದ್ದಿಲ್ಲ. ನಾನು ಈ ಸೀಟಲ್ಲಿ ಕೂತ್ರೆ ಗುಂಯ್ ಅನ್ನೋದು. ರೇಷನ್ ತರೋಕೆ ಹೋಗುವಾಗ ಅವರು ಯಾವತ್ತೂ ಪಕ್ಕದ ಸೀಟು. ರೊಟ್ಟಿ ಲಟ್ಟಿಸುವಾಗ ಹಿಂಗೇ ಗುನುಗ್ತಿದ್ರು, ಬಾಯಿ ಮುಚ್ಕೊಂಡು.” ಅವಳು ನನ್ನ ಕೈಯನ್ನು ಕೀಯಿಂದ ಬಿಡಿಸಿ, ಕೀಯನ್ನು ತಾನೇ ಹಿಂದಕ್ಕೆ ತಿರುಗಿಸಿ, ಎಳೆದು ನನ್ನ ಅಂಗೈಯಲ್ಲಿಟ್ಟಳು.

ದೀಪ ಆರಿತು. ಆದರೆ ಕೀ ತಿರುಗಿದ ಕ್ಷಣಕ್ಕೆ ಆರಲಿಲ್ಲ. ಹೊರಟವರು ಹೊಸಿಲಲ್ಲಿ ತಿರುಗಿ ನಿಂತು ‘ಬರ್ತೀನಿ’ ಎನ್ನುವಷ್ಟು ಹೊತ್ತು ಉರಿದು, ಆಮೇಲೆ ಆರಿತು. ಕೀ ನನ್ನ ಅಂಗೈಯಲ್ಲಿ ತಣ್ಣಗಿತ್ತು.

“ತಿಂದಿರ್ತಾಳೆ,” ಎಂದು ಅಕ್ಕ ಇಳಿದು ಒಳಗೆ ಹೋದಳು.

ಗೇಟಿನ ತುಟಿಗಳು ಪುನಃ ಸ್ವಲ್ಪ ಅಂಟುತ್ತಿರಬೇಕು. ಅಷ್ಟೇ. ಮಾರನೆಯ ಬೆಳಿಗ್ಗೆ ಡಬ್ಬ ಬಿಚ್ಚಿ ನೋಡೋಣ ಎಂದು ಸ್ಪ್ಯಾನರ್ ಹಿಡಿದು ಬಂದು, ಬಾನೆಟ್ಟನ್ನೂ ಎತ್ತಿದೆ. ಡಬ್ಬಕ್ಕೆ ಕೈ ಹಾಕಲಿಲ್ಲ. ಆಮೇಲೆ ಬಾನೆಟ್ ಇಳಿಸಿ, ಸ್ಪ್ಯಾನರನ್ನು ಪಕ್ಕದ ಸೀಟಿನ ಕೆಳಗಿಟ್ಟೆ. ಅದು ಅಲ್ಲೇ ಇದೆ.